ಊರಿನ ಹೆಸರು, ಅಕ್ಷರದ ರೂಪ

ಗೋಡೆಗೆ ಅಂಟಿಸಿದ ಭಿತ್ತಿಪತ್ರವನ್ನು ಕುಳಿತು ಓದುವವರಿಲ್ಲ. ಬಸ್ಸಿಗೆ ಕಾಯುವವರು, ತರಗತಿಗೆ ತಡವಾಯಿತೆಂದು ಓಡುವ ವಿದ್ಯಾರ್ಥಿಗಳು, ಪೇಟೆಯಿಂದ ಮನೆಗೆ ಹಿಂದಿರುಗುವವರು, ಇವರೆಲ್ಲ ಅದರ ಮೇಲೆ ಕಣ್ಣು ಹಾಯಿಸುವುದು ಕ್ಷಣಕಾಲ ಮಾತ್ರ. ಆ ಕ್ಷಣದಲ್ಲಿ ಮಾತಿನ ಅರ್ಥಕ್ಕಿಂತ ಮೊದಲು ಅಕ್ಷರದ ರೂಪವೇ ಅವರನ್ನು ಮುಟ್ಟುತ್ತದೆ. ಮದುವೆಯ ಕರೆಯೋಲೆಗೆ ಒಪ್ಪುವ ಅಕ್ಷರದಲ್ಲಿ ಹರಾಜಿನ ಪ್ರಕಟಣೆಯನ್ನು ಅಚ್ಚುಮಾಡಿದರೆ ಓದಿದವರು ನಗುತ್ತಾರೆ. ನ್ಯಾಯಾಲಯದ ನೋಟೀಸಿನ ಅಕ್ಷರದಲ್ಲಿ ನಾಮಕರಣಕ್ಕೆ ಕರೆದರೆ ಹೋಗಲು ಹಿಂಜರಿಯುತ್ತಾರೆ. ಅಕ್ಷರಕ್ಕೂ ಒಂದು ನಡೆ, ಒಂದು ಮುಖಭಾವ ಉಂಟೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ತೊಡಕು ಹುಟ್ಟುವುದು ಒಂದು ಊರಿನ ಹೆಸರಿನಲ್ಲಿ ಭಿತ್ತಿಪತ್ರ ಹೊರಡುವಾಗ. ಆ ಊರಿನ ಗುಣವನ್ನು ತೋರುವ ಅಕ್ಷರ ಯಾವುದು? ಅಂಥದೊಂದು ಇದೆಯೆ?

ನಮ್ಮ ನಾಡಿನಲ್ಲಿ ಊರುಗಳ ಹೆಸರಿನ ಉತ್ಸವ, ಸಮ್ಮೇಳನ, ನಾಟಕೋತ್ಸವಗಳು ಈಚೆಗೆ ಹೆಚ್ಚಿವೆ. ಅವುಗಳ ಭಿತ್ತಿಪತ್ರಗಳನ್ನು ನಾನು ಆಸಕ್ತಿಯಿಂದ ನೋಡುತ್ತ ಬಂದಿದ್ದೇನೆ. ಮೈಸೂರಾದರೆ ತಲಕಟ್ಟಿನ ತುದಿಗೆ ಬಳ್ಳಿ ಹಬ್ಬಿರುತ್ತದೆ. ಹಂಪಿಯಾದರೆ ಅಕ್ಷರಗಳು ಬಿರುಕುಬಿಟ್ಟ ಕಲ್ಲಿನಲ್ಲಿ ಕಡೆದಂತಿರುತ್ತವೆ. ಬೆಂಗಳೂರಾದರೆ ಗಣಕಯಂತ್ರದ ನೆನಪು ಬರುವಂತೆ ಅವನ್ನು ಮೂಲೆಮೂಲೆಯಾಗಿ ಕತ್ತರಿಸಿರುತ್ತಾರೆ. ಮಂಗಳೂರಾದರೆ ಅಕ್ಷರ ಅಲೆಯಂತೆ ಬಳುಕಬೇಕು, ದೀರ್ಘವು ತೆಂಗಿನ ಗರಿಯಾಗಬೇಕು. ಬರೆದವರ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದು ಊರನ್ನು ದೂರದಿಂದ ಒಮ್ಮೆ ಕಂಡವರು ಹೇಳುವ ಮಾತು. ಅಲ್ಲಿ ಬಾಳುವವರು ತಮ್ಮ ಊರನ್ನು ಹೀಗೆ ಕಾಣುವುದಿಲ್ಲ. ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು ಕ್ರಿ. ಶ. 900ರಷ್ಟು ಹಿಂದೆಯೇ, ಬೆಂಗಳೂರಿನ ಹೆಸರು ಕೆತ್ತಲ್ಪಟ್ಟಿದೆ. ಅಂಥ ಊರನ್ನು ಬರಿಯ ಗಣಕಯಂತ್ರದ ಊರೆಂದು ಬರೆದರೆ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳೂ ಕೃಷ್ಣರಾಜ ಮಾರುಕಟ್ಟೆಯ ಹೂವಿನ ರಾಶಿಗಳೂ ಎಲ್ಲಿಗೆ ಹೋಗಬೇಕು?

ಅಕ್ಷರರೂಪಕ್ಕೆ ಊರಿನ ಹೆಸರಿಟ್ಟ ಮಾತ್ರಕ್ಕೆ ಅದು ಆ ಊರಿನದಾಗುವುದಿಲ್ಲ. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕಯಂತ್ರ ಹೊರಬಂದಾಗ ಅದರಲ್ಲಿದ್ದ ಅಕ್ಷರರೂಪಗಳಿಗೆ ಷಿಕಾಗೊ, ಜಿನೀವ, ನ್ಯೂಯಾರ್ಕ್, ವೆನಿಸ್ ಎಂಬ ಹೆಸರುಗಳಿದ್ದುವು. ಅವುಗಳಲ್ಲಿ ಹೆಚ್ಚಿನವನ್ನು ರಚಿಸಿದ ಸೂಸಾನ್ ಕೇರ್ ಮತ್ತು ಜೊತೆಗಾರರು ಮೊದಲು ಇಟ್ಟಿದ್ದ ಹೆಸರುಗಳು ಫಿಲಡೆಲ್ಫಿಯದ ಹೊರವಲಯದ ಸಣ್ಣ ರೈಲು ನಿಲ್ದಾಣಗಳವು. ಜಗತ್ಪ್ರಸಿದ್ಧ ನಗರಗಳ ಹೆಸರೇ ಇರಲೆಂದು ಅನಂತರ ಬದಲಾಯಿಸಿದರು. ಅಕ್ಷರ ಅದೇ; ಹೆಸರು ಮಾತ್ರ ಬೇರೆ. ನಮ್ಮಲ್ಲಿಯೂ ಈಗ ‘ಹುಬ್ಬಳ್ಳಿ’ ಎಂಬ ಹೆಸರಿನ ಕನ್ನಡ ಅಕ್ಷರರೂಪ ಒಂದುಂಟು. ಹೆಸರು ಕಂಡು ಸಂತೋಷಪಡೋಣ. ಆದರೆ ಹುಬ್ಬಳ್ಳಿಯ ಭಿತ್ತಿಪತ್ರಕ್ಕೆ ಅದು ತಕ್ಕುದೆ ಎಂಬುದನ್ನು ಹೆಸರು ನೋಡಿ ತೀರ್ಮಾನಿಸಲಾಗದು.

ಹಾಗಾದರೆ ಅಕ್ಷರವೊಂದು ಊರಿನದು ಆಗುವುದು ಹೇಗೆ? ಲಂಡನ್ನಿನ ಉದಾಹರಣೆಯನ್ನು ನೋಡಬಹುದು. ಅಲ್ಲಿಯ ಸುರಂಗ ರೈಲಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಫ್ರಾಂಕ್ ಪಿಕ್ ಎಂಬುವರು 1913ರಲ್ಲಿ, ಸುಂದರವಾದ ಕೈಬರಹಕ್ಕೆ ಹೆಸರಾಗಿದ್ದ ಎಡ್ವರ್ಡ್ ಜಾನ್‌ಸ್ಟನ್ ಅವರನ್ನು ಒಂದು ಅಕ್ಷರರೂಪ ರಚಿಸಿಕೊಡಲು ಕೇಳಿಕೊಂಡರು. 1916ರಲ್ಲಿ ಅದು ಬಳಕೆಗೆ ಬಂದಿತು. ಜಾನ್‌ಸ್ಟನ್ನರು ರಾಜಭವನವನ್ನೂ ನೆನೆಯಲಿಲ್ಲ, ಥೇಮ್ಸ್ ನದಿಯ ಅಲೆಯನ್ನೂ ತರಲಿಲ್ಲ. ಪ್ರಾಚೀನ ರೋಮಿನ ಅಕ್ಷರಗಳ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡು, ಗಡಿಬಿಡಿಯ ನಿಲ್ದಾಣದಲ್ಲಿ ದೂರದಿಂದ ತಪ್ಪಿಲ್ಲದೆ ಓದಲು ಬರುವ ಸರಳ ಅಕ್ಷರಗಳನ್ನು ಬರೆದರು. ಕೆಲವು ಅಕ್ಷರಗಳ ತಲೆಯ ಮೇಲಿನ ಚುಕ್ಕಿಯನ್ನು ಮಾತ್ರ ವಜ್ರದ ಆಕಾರದಲ್ಲಿಟ್ಟರು, ಅಲಂಕಾರವೆಂದರೆ ಅಷ್ಟೆ. ನೂರು ವರ್ಷಗಳಿಗೂ ಮೀರಿ ಆ ನಗರ ಅದನ್ನು ಬಿಡದೆ ಬಳಸಿಕೊಂಡು ಬಂದಿದೆ. 1979ರಲ್ಲಿ ಅದನ್ನು ಪರಿಷ್ಕರಿಸಿದವರು ಜಪಾನಿನಿಂದ ಬಂದಿದ್ದ ಐಇಚಿ ಕೊನೊ ಎಂಬ ಕಲಾವಿದರು. ಇಂದು ಆ ಅಕ್ಷರವನ್ನು ಎಲ್ಲಿ ಕಂಡರೂ ಲಂಡನ್ ನೆನಪಾಗುತ್ತದೆ. ಲಂಡನ್ನಿನ ಗುಣ ಆ ಅಕ್ಷರದಲ್ಲಿ ಮೊದಲೇ ಅಡಗಿತ್ತೆನ್ನುವುದಕ್ಕಿಂತ, ಬಳಕೆಯಿಂದ ಅಲ್ಲಿಗೆ ಬಂದು ನೆಲೆಸಿತೆನ್ನುವುದೇ ಸರಿ.

ನ್ಯೂಯಾರ್ಕಿನ ಮಾತು ಇನ್ನೂ ವಿಚಿತ್ರ. ಅಲ್ಲಿಯ ಸುರಂಗ ರೈಲಿನ ಫಲಕಗಳಿಗೆ 1989ರಲ್ಲಿ ಅಧಿಕೃತವಾಗಿ ಗೊತ್ತುಮಾಡಿದ ಹೆಲ್ವೆಟಿಕ ಎಂಬ ಅಕ್ಷರರೂಪ 1957ರಲ್ಲಿ ಹುಟ್ಟಿದುದು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಪಕ್ಕದ ಒಂದು ಮೊಳೆ ಎರಕದ ಕಾರ್ಖಾನೆಯಲ್ಲಿ. ಅದರ ಹೆಸರಿನ ಅರ್ಥವೇ ‘ಸ್ವಿಸ್ ದೇಶದ್ದು’ ಎಂದು. ಆದರೂ ಕಪ್ಪು ಹಲಗೆಯ ಮೇಲೆ ಬಿಳಿಯ ಹೆಲ್ವೆಟಿಕವನ್ನು ಕಂಡ ನ್ಯೂಯಾರ್ಕಿನವರು ಅದು ತಮ್ಮದೆಂದೇ ಭಾವಿಸುತ್ತಾರೆ.

ಪ್ಯಾರಿಸ್ಸಿನ ಕಥೆಯಿಂದ ಬೇರೊಂದು ಪಾಠ ದೊರೆಯುತ್ತದೆ. 1900ರಲ್ಲಿ ಅಲ್ಲಿಯ ಸುರಂಗ ರೈಲಿನ ಬಾಗಿಲುಗಳಿಗೆ ಹೆಕ್ಟರ್ ಗಿಮಾರ್ ಎಂಬ ಶಿಲ್ಪಿ ಬಳ್ಳಿ ಮೊಗ್ಗುಗಳಂತೆ ಬಾಗಿದ ಎರಕದ ಕಬ್ಬಿಣದ ಚೌಕಟ್ಟನ್ನೂ ಅದಕ್ಕೊಪ್ಪುವ ಅಕ್ಷರಗಳನ್ನೂ ರಚಿಸಿದನು. ಆ ಕಬ್ಬಿಣದೊಂದಿಗೆ ಆ ಅಕ್ಷರ ಒಂದೇ ಉಸಿರಿನಲ್ಲಿ ಹುಟ್ಟಿತು. ಅಲ್ಲಿ ಅದು ಸತ್ಯ. ಆದರೆ ಅದನ್ನೇ ನಕಲು ಮಾಡಿ ದೇಶದೇಶಗಳ ಹೋಟೆಲುಗಳು ತಮ್ಮ ಹಲಗೆಗಳ ಮೇಲೆ ಬರೆಸಿಕೊಂಡಾಗ ಅದು ಪ್ಯಾರಿಸ್ ಎಂಬ ಊರನ್ನು ಬಿಟ್ಟು ಪ್ಯಾರಿಸ್ ಎಂಬ ವೇಷವನ್ನು ತೋರತೊಡಗಿತು. ಹುಟ್ಟಿದ ಕೆಲಸವನ್ನು ಬಿಟ್ಟು ಬಂದ ಅಲಂಕಾರ ಬಹು ಬೇಗ ವೇಷವಾಗುತ್ತದೆ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು: ಬಳಕೆಯೇ ಎಲ್ಲವನ್ನೂ ಕೊಡುವುದಾದರೆ ಕೈಗೆ ಸಿಕ್ಕ ಅಕ್ಷರವನ್ನು ಹಿಡಿದು ನೂರು ವರ್ಷ ಬಳಸಿದರಾಯಿತಲ್ಲ, ಆರಿಸುವ ಶ್ರಮವೇಕೆ? ಆಕ್ಷೇಪ ನ್ಯಾಯವಾದುದೇ. ಆದರೆ ಎಲ್ಲ ಅಕ್ಷರವೂ ನೂರು ವರ್ಷದ ಬಳಕೆಗೆ ತಡೆಯುವುದಿಲ್ಲ. ತಡೆಯುವುದು ಯಾವುದು ಎಂಬುದನ್ನು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಈ ಊರಿನ ಜನ ಇದುವರೆಗೆ ಯಾವ ಅಕ್ಷರಗಳಲ್ಲಿ ಓದಿಕೊಂಡು ಬಂದಿದ್ದಾರೆ? ಇವರಾಡುವ ಯಾವ ಯಾವ ಮಾತುಗಳನ್ನು ಆ ಅಕ್ಷರ ಹೊರಬೇಕು? ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ ಅದನ್ನು ಓದಬೇಕು? ಊರಿನ ಗುಣ ಎಂಬುದು ಈ ಮೂರರ ಉತ್ತರದಲ್ಲಿ ಸಿಕ್ಕಷ್ಟು ತೆಂಗಿನ ಗರಿಯಲ್ಲಿ ಸಿಕ್ಕುವುದಿಲ್ಲ.

ಮಂಗಳೂರನ್ನೇ ತೆಗೆದುಕೊಂಡು ನೋಡೋಣ. ಅಕ್ಷರದ ದೃಷ್ಟಿಯಿಂದ ಕನ್ನಡನಾಡಿನಲ್ಲಿ ಇಷ್ಟು ದೊಡ್ಡ ಆಸ್ತಿಯುಳ್ಳ ಊರುಗಳು ಕಡಮೆ. ಬಾಸೆಲ್ ಮಿಶನ್ನಿನವರು ಅಲ್ಲಿ ಮುದ್ರಣಾಲಯವನ್ನು ತೆರೆದುದು 1841ರಲ್ಲಿ. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲ ಪತ್ರಿಕೆ; ಆ ದಿನವನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆ ಪತ್ರಿಕೆ ಮೊಳೆಗಳಿಂದ ಅಚ್ಚಾದುದಲ್ಲ, ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸುವ ಕೆಲಸವಿಲ್ಲ; ಒಬ್ಬರು ಕೈಯಾರೆ ಬರೆದುದೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಯುತ್ತದೆ. ಎಂದರೆ ಕನ್ನಡದ ಮೊದಲ ಪತ್ರಿಕೆಯ ಅಕ್ಷರ ಒಬ್ಬ ಬರೆಹಗಾರನ ಕೈಬರಹ. ಮುಂದೆ ಅಲ್ಲಿಗೆ ಸೀಸದ ಮೊಳೆಗಳು ಬಂದುವು. ಕಿಟ್ಟೆಲರ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅದೇ ಮುದ್ರಣಾಲಯದಿಂದ ಹೊರಬಂದಿತು. ಸಣ್ಣ ಮೊಳೆಗಳ ಆ ಪುಟಗಳನ್ನು ಬಿಡಿಸಿದವರಿಗೆ ಗೊತ್ತು: ಅಕ್ಷರ ದುಂಡಾಗಿದೆ, ಗಂಭೀರವಾಗಿದೆ, ತನ್ನ ಕಡೆಗೆ ಗಮನ ಸೆಳೆಯದೆ ಅರ್ಥದ ಕಡೆಗೆ ದಾರಿ ಬಿಡುತ್ತದೆ.

ಆ ಊರಿನ ಇನ್ನೊಂದು ಅಕ್ಷರ ಹಂಚಿನ ಮೇಲಿನದು. 1865ರಲ್ಲಿ ಅದೇ ಮಿಶನ್ನಿನವರು ಅಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆಮೇಲೆ ಊರಿನ ಇತರರೂ ಆ ಉದ್ಯಮಕ್ಕೆ ಇಳಿದರು. ಹಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರನ್ನೂ ಊರಿನ ಹೆಸರನ್ನೂ ಒತ್ತುವುದು ವಾಡಿಕೆ. ಆ ಅಕ್ಷರಗಳು ರೋಮನ್ ಲಿಪಿಯವು. ಜೇಡಿಮಣ್ಣಿನಲ್ಲಿ ನವುರಾದ ಗೆರೆ ನಿಲ್ಲುವುದಿಲ್ಲವಾಗಿ ದಪ್ಪವಾಗಿ, ನೇರವಾಗಿ, ಯಾವ ಒಯ್ಯಾರವೂ ಇಲ್ಲದೆ ಇರುತ್ತವೆ. ಹಡಗು ಹತ್ತಿ ಸಮುದ್ರದಾಚೆಯ ನಾಡುಗಳಿಗೆ ಮಂಗಳೂರಿನ ಹೆಸರನ್ನು ಕೊಂಡೊಯ್ದುದು ಈ ಅಕ್ಷರವೇ. ಇವುಗಳ ಜೊತೆಗೆ ಯಕ್ಷಗಾನ ಮೇಳಗಳ ಭಿತ್ತಿಪತ್ರಗಳಿವೆ, ಕಂಬಳದ ಪ್ರಕಟಣೆಗಳಿವೆ, ಖಾಸಗಿ ಬಸ್ಸುಗಳ ಹಣೆಯ ಮೇಲೆ ಬಣ್ಣದಲ್ಲಿ ಬರೆಸಿದ ಹೆಸರುಗಳಿವೆ. ಪ್ರಸಂಗದ ಹೆಸರನ್ನು ಕೆಂಪಿನಲ್ಲಿ ಬರೆದು, ನೆರಳು ಕೊಟ್ಟು, ಕಿರೀಟದಂತೆ ತಲಕಟ್ಟನ್ನೇರಿಸಿದ ಆ ಬರೆವಣಿಗೆ ರಾತ್ರಿಯೆಲ್ಲ ಕೂತು ಆಟ ನೋಡುವ ಜನರಿಗೆ ಪರಿಚಿತವಾದುದು. ಅದರ ಆಡಂಬರಕ್ಕೆ ಆಟದ ಆಡಂಬರವೇ ಸಮರ್ಥನೆ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ಮಂಗಳೂರಿಗೆ ಒಂದೇ ಹೆಸರಲ್ಲ. ತುಳುವರಿಗೆ ಅದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಳ್, ಬ್ಯಾರಿಗಳಿಗೆ ಮೈಕಾಲ. ನಾಲ್ಕು ಮಾತುಗಳನ್ನೂ ಆ ಊರಿನಲ್ಲಿ ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿಯೇ ಬರೆಯುತ್ತಾರೆ. ಮೆನ್ನರ್ ಪಾದ್ರಿಯವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಹೊರಬಂದುದು ಕನ್ನಡ ಅಕ್ಷರಗಳ ಸಹಾಯದಿಂದಲೇ. 1938ರಲ್ಲಿ ಆರಂಭವಾದ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಅಚ್ಚಾದುದೂ ಕನ್ನಡ ಲಿಪಿಯಲ್ಲಿಯೇ. ಆದುದರಿಂದ ಮಂಗಳೂರಿನ ಭಿತ್ತಿಪತ್ರದ ಅಕ್ಷರ ಕನ್ನಡವನ್ನು ಮಾತ್ರ ಬಲ್ಲುದಾದರೆ ಸಾಲದು. ‘ಕುಡ್ಲ’ದಲ್ಲಿ ಡಕಾರದ ಕೆಳಗೆ ಲಕಾರದ ಒತ್ತು ಬರುತ್ತದೆ, ಕನ್ನಡದಲ್ಲಿ ಈ ಜೋಡಿ ಅಪರೂಪ. ‘ರಾಕ್ಣೊ’ದ ಒತ್ತೂ ಹಾಗೆಯೇ. ‘ಮೈಕಾಲ’ದ ಮೊದಲಕ್ಷರಕ್ಕೆ ಮೇಲೊಂದು ಚಿಹ್ನೆ, ಕೆಳಗೊಂದು ಚಿಹ್ನೆ. ‘ಕೊಡಿಯಾಳ್’ ಅರ್ಧಾಕ್ಷರದಲ್ಲಿ ಮುಗಿಯುತ್ತದೆ. ತುಳುವಿನಲ್ಲಿಯಂತೂ ಪದಾಂತ್ಯದ ಅರೆ ಉಕಾರವನ್ನು ತೋರಿಸಲು ‘ಕಣ್ಣ್’, ‘ಪತ್ತ್’ ಎಂದು ಬರೆಯಬೇಕಾಗುತ್ತದೆ. ಒಂದೇ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಅರ್ಧಾಕ್ಷರದ ಕೊಕ್ಕೆ. ‘ಬತ್ತ್‌ದ್’ ಎಂಬ ಪದವನ್ನು ಗಣಕಯಂತ್ರದಲ್ಲಿ ಎಚ್ಚರವಿಲ್ಲದೆ ಬೆರಳಚ್ಚಿಸಿದರೆ ನಡುವಣ ಅರ್ಧಾಕ್ಷರ ಮುಂದಿನ ದಕಾರವನ್ನು ತನ್ನ ಒತ್ತಾಗಿ ಎಳೆದುಕೊಂಡು ಓದಲಾಗದ ಗಂಟಾಗುತ್ತದೆ. ನಾನು ಮಂಗಳೂರಿಗೆ ಅಕ್ಷರವನ್ನು ಆರಿಸುವುದಾದರೆ ಮೊದಲು ಈ ಏಳು ಪದಗಳನ್ನು ಬರೆಸಿ ನೋಡುತ್ತೇನೆ. ಏಳನ್ನೂ ಕುಗ್ಗದೆ, ಕಿಕ್ಕಿರಿಯದೆ, ಮೇಲುಕೀಳೆಣಿಸದೆ ಹೊತ್ತು ನಿಲ್ಲುವ ಅಕ್ಷರ ಆ ಊರಿಗೆ ತಕ್ಕ ಅಕ್ಷರ. ಹಲವು ಮಾತಿನವರು ಒಂದೇ ಬೀದಿಯಲ್ಲಿ ಬಾಳುವ ಊರಿನ ಗುಣ ಇದಕ್ಕಿಂತ ಬೇರೆ ಏನಿದ್ದೀತು?

ತುಳುವಿಗೆ ತನ್ನದೇ ಲಿಪಿಯುಂಟು, ಅದನ್ನೇಕೆ ಬಳಸಬಾರದು ಎಂದು ಕೆಲವರು ಕೇಳಿಯಾರು. ತುಳು–ತಿಗಳಾರಿ ಲಿಪಿಗೆ 2024ರಲ್ಲಿ ಯೂನಿಕೋಡಿನಲ್ಲಿ ಸ್ಥಾನ ದೊರೆತುದು ಸಂತೋಷದ ಸಂಗತಿ. ಬಳಸಬೇಕು, ಕಲಿಸಬೇಕು. ಆದರೆ ಓದುವವರು ಹೆಚ್ಚುವ ಮೊದಲೇ ಭಿತ್ತಿಪತ್ರದ ಅಂಚಿನಲ್ಲಿ ಅದನ್ನು ರಂಗವಲ್ಲಿಯಂತೆ ಹರಡುವುದು ಲಿಪಿಗೆ ತೋರುವ ಗೌರವವಲ್ಲ. ಲಿಪಿಯ ಮೊದಲ ಮರ್ಯಾದೆ ಓದಿಸಿಕೊಳ್ಳುವುದು. ಅದರ ಕೆಳಗೆ ಅದೇ ಮಾತು ಕನ್ನಡ ಲಿಪಿಯಲ್ಲಿಯೂ ಇರಲಿ. ಆಗ ನೋಡಿದವರು ಒಂದೆರಡು ಅಕ್ಷರಗಳನ್ನಾದರೂ ಕಲಿತುಕೊಂಡು ಹೋಗುತ್ತಾರೆ.

ಇನ್ನು ಮೂರನೆಯ ಪ್ರಶ್ನೆ, ಓದಿಸಿಕೊಳ್ಳುವ ಗುಣದ್ದು. ಇಲ್ಲಿ ಮಂಗಳೂರು ಮಾತ್ರವಲ್ಲ, ಎಲ್ಲ ಕನ್ನಡ ಭಿತ್ತಿಪತ್ರಗಳೂ ಸೋಲುತ್ತಿವೆ. ಸೋಲಿನ ಕಾರಣ ಸ್ಪಷ್ಟವಾಗಿದೆ. ಎರಡು ಲಿಪಿಗಳ ಭಿತ್ತಿಪತ್ರವಾದರೆ ಇಂಗ್ಲಿಷ್ ಅಕ್ಷರವನ್ನು ಮೊದಲು ಆರಿಸಿ, ಅದರ ಅಳತೆಗೆ ಕನ್ನಡವನ್ನು ಕತ್ತರಿಸುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರಗಳ ಸಾಲಿಗೆ ಒಂದೇ ಅಂತಸ್ತು. ಕನ್ನಡದ ಸಾಲಿಗೆ ಮೂರು: ನಡುವೆ ಅಕ್ಷರದ ಒಡಲು, ಮೇಲೆ ತಲಕಟ್ಟು ಗುಡಿಸುಗಳು, ಕೆಳಗೆ ಒತ್ತಕ್ಷರ. ಎರಡಕ್ಕೂ ಒಂದೇ ಅಂತರವನ್ನು ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಬಡಿಯದಿರಲೆಂದು ಒತ್ತನ್ನು ಕಿರಿದು ಮಾಡುತ್ತಾರೆ, ಅದು ಇರುವೆಯಾಗುತ್ತದೆ. ಎದ್ದು ಕಾಣಲೆಂದು ಗೆರೆಯನ್ನು ದಪ್ಪ ಮಾಡುತ್ತಾರೆ. ಆಗ ಅಕ್ಷರದ ಒಡಲು ಮುಚ್ಚಿಹೋಗುತ್ತದೆ. ನಮ್ಮ ಲಿಪಿಯಲ್ಲಿ ದ–ಧ, ಡ–ಢ, ಬ–ಭ, ಪ–ಫಗಳ ಭೇದವೆಲ್ಲ ಅಕ್ಷರದ ಬುಡದ ಒಂದು ಚಿಕ್ಕ ಸೀಳಿನಲ್ಲಿದೆ. ಆ ಸೀಳು ಮಸಿಯಲ್ಲಿ ಮುಳುಗಿದರೆ ಧನಸಹಾಯ ಬೇಡಿದವರು ದನಸಹಾಯ ಬೇಡಿದಂತಾಗುತ್ತದೆ. ನಗುವ ಮಾತಲ್ಲ, ಹತ್ತು ಹೆಜ್ಜೆಯ ದೂರದಿಂದ ಓದಬೇಕಾದ ಕಾಗದದಲ್ಲಿ ಇದು ನಿತ್ಯ ನಡೆಯುತ್ತಿದೆ.

ನಮ್ಮ ವಿಧಾನಮಂಡಲವು 2024ರಲ್ಲಿ ಕಾನೂನನ್ನು ತಿದ್ದಿ, ಅಂಗಡಿ ಸಂಸ್ಥೆಗಳ ನಾಮಫಲಕಗಳಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂದು ವಿಧಿಸಿತು. ಅದು ಒಪ್ಪತಕ್ಕ ಮಾತೇ. ಆದರೆ ಕಾನೂನು ಅಳೆಯಬಲ್ಲುದು ಜಾಗವನ್ನು. ಆ ಜಾಗದಲ್ಲಿ ಕನ್ನಡ ಹೇಗೆ ನಿಂತಿದೆ ಎಂಬುದನ್ನು ಅಳೆಯಲು ಕಣ್ಣುಳ್ಳ ಜನರೇ ಬೇಕು. ಅಡ್ಡಡ್ಡ ಹಿಗ್ಗಿಸಿ 60 ಭಾಗವನ್ನು ತುಂಬಿದ ಅಕ್ಷರ ಲೆಕ್ಕಕ್ಕೆ ಸರಿಯಾದೀತು. ಅದರಿಂದ ಕನ್ನಡದ ಮೇಲೆ ಯಾರಿಗೂ ಪ್ರೀತಿ ಹುಟ್ಟದು. ನಾಳೆಯ ಮಕ್ಕಳು ಕನ್ನಡದ ಅಂದವನ್ನು ಕಲಿಯುವುದು ಪಠ್ಯಪುಸ್ತಕದಲ್ಲಷ್ಟೇ ಅಲ್ಲ, ಬೀದಿಯಲ್ಲಿಯೂ ಹೌದು. ಪಠ್ಯಪುಸ್ತಕವನ್ನು ಶಾಲೆಯ ಚೀಲದಲ್ಲಿ ಮುಚ್ಚಿಡಬಹುದು, ಬೀದಿಯನ್ನು ಮುಚ್ಚಿಡಲಾಗದು. ಭಿತ್ತಿಪತ್ರದ ಅಕ್ಷರ ಕಲಾವಿದರ ಖಾಸಗಿ ರುಚಿಯ ವಿಷಯ ಮಾತ್ರವೆಂದು ನಾನು ಒಪ್ಪದಿರುವುದು ಈ ಕಾರಣಕ್ಕಾಗಿ.

ಒಳ್ಳೆಯ ಅಕ್ಷರರೂಪಗಳು ಕನ್ನಡದಲ್ಲಿ ಎಲ್ಲಿವೆ, ಹಣವೆಲ್ಲಿದೆ ಎಂದು ಹೇಳುವ ಕಾಲ ಒಂದಿತ್ತು. ಮೊಳೆಯ ಕಾಲದಲ್ಲಿ ಮುದ್ರಣಾಲಯದಲ್ಲಿ ಇದ್ದ ಎರಡು ಮೂರು ಬಗೆಗಳಲ್ಲಿಯೇ ಎಲ್ಲವನ್ನೂ ಮುಗಿಸಬೇಕಾಗಿತ್ತು. ಈಗ ಯಾರು ಬೇಕಾದರೂ ಹಣ ತೆರದೆ ಬಳಸಬಹುದಾದ ಕನ್ನಡ ಅಕ್ಷರರೂಪಗಳು ಹಲವು ಇವೆ. ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಲ್ಲಿ ದೊರೆಯುವ ಬಗೆಗಳೂ ಇವೆ. ಕೊರತೆಯಿರುವುದು ಆರಿಸುವ ವಿವೇಕದಲ್ಲಿ. ಇನ್ನೊಂದು ಆಸ್ತಿಯನ್ನಂತೂ ನಾವು ಮರೆತೇಬಿಟ್ಟಿದ್ದೇವೆ. ಫ್ಲೆಕ್ಸ್ ಹಾಳೆಗಳು ಬಂದ ಮೇಲೆ ಊರೂರುಗಳ ಬೋರ್ಡು ಬರೆಯುವವರ ಕುಂಚಗಳು ಒಣಗಿದುವು. ಅವರ ಕೈಗೆ ಆ ಊರಿನ ಹೆಸರನ್ನು ಬರೆದು ಬರೆದು ಬಂದ ಅಭ್ಯಾಸವಿತ್ತು. ಒತ್ತು ಎಲ್ಲಿ ಕೂರಬೇಕು, ಎರಡು ಅಕ್ಷರಗಳ ನಡುವೆ ಎಷ್ಟು ಗಾಳಿಯಾಡಬೇಕು ಎಂಬುದನ್ನು ಅವರು ಕಣ್ಣಳತೆಯಲ್ಲಿಯೇ ಬಲ್ಲರು. ಅಂಥವರು ಎಲ್ಲ ಊರುಗಳಲ್ಲಿಯೂ ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ.

ಆದುದರಿಂದ ನನ್ನ ಸಲಹೆ ಇಷ್ಟು. ಊರಿನ ಭಿತ್ತಿಪತ್ರದ ತಲೆಬರಹ, ಎಂದರೆ ಊರಿನ ಹೆಸರು ಮಾತ್ರ, ಆ ಊರಿನಲ್ಲಿ ಬರೆದು ಬದುಕಿದ ಒಬ್ಬರ ಕೈಯಿಂದ ಬರಲಿ. ಕಲ್ಲಚ್ಚಿನಿಂದ ತೊಡಗಿದ ಮಂಗಳೂರಿಗೆ ಇದಕ್ಕಿಂತ ಸಹಜವಾದುದು ಯಾವುದಿದೆ? ಉಳಿದ ವಿವರಗಳು, ದಿನಾಂಕ, ಸ್ಥಳ, ಭಾಷಣಕಾರರ ಹೆಸರು, ದುಂಡಾದ, ಸಾವಧಾನದ, ಒಂದೇ ಅಕ್ಷರರೂಪದಲ್ಲಿರಲಿ. ಕುಡ್ಲ, ಕೊಡಿಯಾಳ್, ಮೈಕಾಲ, ಮಂಗಳೂರು, ನಾಲ್ಕೂ ಒಂದೇ ಅಳತೆಯಲ್ಲಿ ಬರಲಿ. ಇಂಗ್ಲಿಷ್ ಬೇಕಾದರೆ ಹಂಚಿನ ಬೆನ್ನಿನ ಅಕ್ಷರದಂತೆ ಸರಳವಾಗಿ ಪಕ್ಕದಲ್ಲಿ ನಿಲ್ಲಲಿ. ಅಲೆ, ತೆಂಗು, ದೋಣಿಗಳು ಚಿತ್ರದಲ್ಲಿ ಬರಬಹುದು. ಅಕ್ಷರದ ಮೈಮೇಲೆ ಬೇಡ. ಹೀಗೆ ಒಮ್ಮೆ ಆರಿಸಿದುದನ್ನು ಮುಂದಿನ ವರ್ಷ ಬೇಸರವಾಯಿತೆಂದು ಬದಲಾಯಿಸದಿರುವುದೂ ಅಷ್ಟೇ ಮುಖ್ಯ. ನಾವು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ವರ್ಷಕ್ಕೊಂದು ಸಮಿತಿ, ಸಮಿತಿಗೊಂದು ಅಕ್ಷರ. ಲಂಡನ್ನಿನವರ ಹಿರಿಮೆ ಒಳ್ಳೆಯ ಅಕ್ಷರವನ್ನು ಪಡೆದುದರಲ್ಲಿ ಎಷ್ಟಿದೆಯೊ ಅದನ್ನು ಕೈಬಿಡದೆ ಉಳಿಸಿಕೊಂಡುದರಲ್ಲಿಯೂ ಅಷ್ಟೇ ಇದೆ.

ಕಾಲೇಜುಗಳ ಕನ್ನಡ ಸಂಘಗಳವರು ಇದನ್ನು ಪ್ರಯೋಗಿಸಿ ನೋಡಬಹುದು. ಅಧ್ಯಾಪಕರು ಒಂದು ತರಗತಿಯ ಹೊತ್ತನ್ನು ಕೊಟ್ಟು, ತಮ್ಮ ಊರಿನ ಹಳೆಯ ಪುಸ್ತಕ, ಕರಪತ್ರ, ಅಂಗಡಿಯ ಹಲಗೆ, ಶಾಸನಗಳಲ್ಲಿ ಊರಿನ ಹೆಸರು ಹೇಗೆ ಹೇಗೆ ಬರೆಯಲ್ಪಟ್ಟಿದೆ ಎಂದು ಹುಡುಗರಿಂದ ಸಂಗ್ರಹಿಸಲಿ. ಅದಕ್ಕೆ ಖರ್ಚಿಲ್ಲ, ಒಂದು ನೋಟುಬುಕ್ಕು ಸಾಕು. ಸಂಗ್ರಹವನ್ನು ಮುಂದಿಟ್ಟುಕೊಂಡು ಮುಂದಿನ ಭಿತ್ತಿಪತ್ರದ ಅಕ್ಷರವನ್ನು ಆರಿಸಲಿ, ಆರಿಸಿದುದನ್ನು ಗೋಡೆಗೆ ಹಚ್ಚಿ ಹತ್ತು ಹೆಜ್ಜೆ ಹಿಂದೆ ಸರಿದು, ಊರಿನ ಹಿರಿಯರೊಬ್ಬರನ್ನು ಕರೆದು ಓದಿಸಲಿ. ಅವರು ತಡವರಿಸದೆ ಓದಿದರೆ ಅಕ್ಷರ ಗೆದ್ದಿತು. ಓದಿ ಮುಗಿಸಿ, ಇದು ನಮ್ಮ ಊರಿನದೇ ಎಂದು ತಲೆದೂಗಿದರೆ ಆರಿಸಿದವರೂ ಗೆದ್ದರು.